ಗುಮಾಸ್ತನಿಗೆ ಕೇಳಿಸಿದ್ದು

"ಮೀಸೆಗೆ ಇದು ಯಾರನ್ನ ಹೊಣೆ ಮಾಡಿದೆ ನೋಡು," ಎಂದು ಯಜಮಾನರು ಫೋನನ್ನು ಗಾಜಿನ ಕೌಂಟರಿನ ಮೇಲೆ ತಂಗಿಯ ಮಗಳ ಕಡೆಗೆ ತಳ್ಳಿದರು. "ನನ್ನ ಮೀಸೆಗೆ ನಾನಲ್ಲವಂತೆ. ಫ್ರೇಮಣ್ಣನಂತೆ."

ಫೋನಿನಲ್ಲಿ ನಿಜಕ್ಕೂ ಹಾಗೇ ಇತ್ತು. ಹೊಸ ಯೋಜನೆ: ಯಜಮಾನರ ಮೀಸೆ ತೆರವು. ಉದ್ದೇಶ: ಅಂಗಡಿಯ ಹೊಸ ಬೋರ್ಡಿನ ಮೇಲೆ ಯಜಮಾನರು ಕಿರಿಯರಾಗಿ ಕಾಣಿಸುವುದು. ಮೊದಲ ಹೆಜ್ಜೆ: ಸೂಕ್ತ ಕ್ಷೌರಿಕರನ್ನು ಸಂಪರ್ಕಿಸುವುದು. ಹೊಣೆಗಾರರು: ಫ್ರೇಮಣ್ಣ, ಅಂದರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಫ್ರೇಮು ತೋರಿಸುವವನು. ಕೆಳಗೆ ಒಂದು ಒಕ್ಕಣೆ: "ಈ ಯೋಜನೆಗೆ ಯಜಮಾನರು ತೋರಿಸಿದ ಉತ್ಸಾಹಕ್ಕೆ ಧನ್ಯವಾದಗಳು."

"ನಾನು ಯಾವಾಗ ಉತ್ಸಾಹ ತೋರಿಸಿದೆ?"

"ಮೀಸೆ ತೆಗೆದ್ರೆ ಚೆನ್ನಾಗಿರುತ್ತೆ ಅಂತ ಫ್ರೇಮಣ್ಣ ಅಂದಾಗ ನೀವು ನೋಡೋಣ ಅಂದ್ರಲ್ಲ ಮಾವ."

"ನೋಡೋಣ ಅಂದೆ. ಬೋಳಿಸೋಣ ಅಂದ್ನಾ?"

ಪುಟ್ಟಿ ನಗು ತಡೆದುಕೊಂಡು ಪಟ್ಟಿಯನ್ನು ಕೆಳಗೆ ಜಾರಿಸಿದಳು. ಹೆಸರಿಗೆ ಪುಟ್ಟಿಯಾದರೂ ಆ ಕನ್ನಡಕದಂಗಡಿಯಲ್ಲಿ ಎಲ್ಲರಿಗಿಂತ ಎತ್ತರದವಳು ಅವಳೇ. ಲೆಕ್ಕ, ಬಿಲ್ಲು, ಕಂಪ್ಯೂಟರು ಎಲ್ಲ ಅವಳ ಸುಪರ್ದಿ. ಮೀಸೆಯ ಕೆಳಗೆ 'ಶ್ವಾನಗಳಿಗೆ ತಂಪು ಕನ್ನಡಕ: ಸಾಧ್ಯತೆಗಳ ಅಧ್ಯಯನ' ಎಂಬುದಿತ್ತು. ಅದರ ಕೆಳಗೆ 'ಮಹಡಿ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಗೆ ಹಾಸಿಗೆ'. ಆಮೇಲೆ ಇನ್ನೂ ಇದ್ದವು. ಹಿಂದಿನವರು ದಾರಿಯ ದೂರವನ್ನು ಯೋಜನೆಯಲ್ಲಿ ಅಳೆಯುತ್ತಿದ್ದರಂತೆ. ಒಂದು ಭಾನುವಾರ ಕಳೆಯುವುದರೊಳಗೆ ಯಜಮಾನರು ಕೂತಲ್ಲಿಂದ ಏಳದೆ ಎಷ್ಟೋ ಯೋಜನೆ ದೂರ ಬಂದುಬಿಟ್ಟಿದ್ದರು.

ಇದೆಲ್ಲ ಗುಮಾಸ್ತನ ಕೈಚಳಕ. ಗುಮಾಸ್ತ ಮನುಷ್ಯನಲ್ಲ. ಅಂಗಡಿಯವರೆಲ್ಲರ ಫೋನಿನಲ್ಲೂ ಕೆಲಸದ ಪಟ್ಟಿ ಇಡುವ ಒಂದು ಆ್ಯಪ್ ಇತ್ತು; ಅದರೊಳಗೆ ಕೂತು ಕೇಳಿಸಿಕೊಳ್ಳುವ, ಬರೆದುಕೊಳ್ಳುವ ಯಂತ್ರಬುದ್ಧಿಗೆ ಯಜಮಾನರೇ ಇಟ್ಟ ಹೆಸರು ಅದು. ಪ್ರತಿ ಶನಿವಾರ ಬೆಳಿಗ್ಗೆ ಎಲ್ಲರೂ ಕೌಂಟರಿನ ಸುತ್ತ ನಿಂತು ವಾರದ ಮಾತಾಡುವಾಗ ಪುಟ್ಟಿ ಫೋನನ್ನು ನಡುವೆ ಇಡುತ್ತಿದ್ದಳು. ಗುಮಾಸ್ತ ಕೇಳಿಸಿಕೊಂಡು, ಆಗಲೇ ಇರುವ ಯೋಜನೆಗಳ ಕೆಳಗೆ ಯಾರ ಕೆಲಸ ಏನೆಂದು ಬರೆದಿಡುತ್ತಿದ್ದ. ಅಷ್ಟೇ ಅವನ ಅಧಿಕಾರ. ಹೊಸ ಯೋಜನೆಯನ್ನು ಮನುಷ್ಯರೇ ತೆರೆಯಬೇಕಿತ್ತು. ಹೋದ ವಾರ ಆ್ಯಪ್‌ನವರು ಒಂದು ಹೊಸ ಸೌಲಭ್ಯ ಬಿಟ್ಟಿದ್ದರು: ಇನ್ನು ಮುಂದೆ ಗುಮಾಸ್ತನೇ ಯೋಜನೆ ತೆರೆಯಬಹುದು, ಹೊಣೆ ಹಂಚಬಹುದು, ಸಂಬಂಧಪಟ್ಟವರಿಗೆ ಸುದ್ದಿ ಕಳಿಸಬಹುದು. 'ಅನುಮತಿ ಕೊಡಿ' ಎಂಬಲ್ಲಿ ಪುಟ್ಟಿ ಒತ್ತಿದಳು. ಹಳೆಯ ಸಭೆಗಳ ಧ್ವನಿಯನ್ನೂ ಒಮ್ಮೆ ಕೇಳಿಸಿಕೋ ಎಂದು ಹೇಳಿ ಭಾನುವಾರದ ರಜೆಗೆ ಹೋದಳು.

ಗುಮಾಸ್ತ ಕೇಳಿಸಿಕೊಂಡ. ಯಾರೋ ಏನೋ ಕೇಳುತ್ತಾರೆ. ಯಜಮಾನರು ನೋಡೋಣ ಅನ್ನುತ್ತಾರೆ. ನೋಡೋಣ ಅಂದರೆ ನಾವೆಲ್ಲ ಸೇರಿ ನೋಡುವ ಎಂದಲ್ಲವೇ? ಚಕಾರದ ಜಾಗದಲ್ಲಿ ಜಕಾರ ಕೂರಿಸಿ ಎಲ್ಲರ ಯೋಚನೆಗಳನ್ನೂ ಯೋಜನೆ ಮಾಡಿಟ್ಟ. ಕನ್ನಡಕ್ಕೂ ಕನ್ನಡಕಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಕಕಾರ. ಕನ್ನಡಕದ ವ್ಯಾಪಾರ ಗುಮಾಸ್ತನಿಗೆ ಚೆನ್ನಾಗಿ ಗೊತ್ತಿತ್ತು. ದೃಷ್ಟಿದೋಷ ಇದ್ದದ್ದು ಇನ್ನೊಂದರಲ್ಲಿ.

ಅಂಗಡಿಯ ಉಳಿದವರಿಗೆ ಆ ದೋಷವಿರಲಿಲ್ಲ. ಯಜಮಾನರ ನೋಡೋಣಗಳಲ್ಲಿ ತರತಮವಿದೆಯೆಂದು ಹೊಸದಾಗಿ ಸೇರಿದವರಿಗೂ ವಾರದಲ್ಲಿ ಗೊತ್ತಾಗುತ್ತಿತ್ತು. ಚುಟುಕಾಗಿ 'ನೋಡೋಣ' ಅಂದರೆ ನಾಳೆ ಕೇಳು, ನಾಳೆ ನನಗೆ ಮರೆತಿರುತ್ತದೆ. 'ನೋಡೋಣ ನೋಡೋಣ' ಎಂದು ಎರಡು ಸಲ ಬಂದರೆ ಆಗುವುದಿಲ್ಲ, ಹೋಗುವಾಗ ಬಾಗಿಲು ಎಳೆದುಕೊಂಡು ಹೋಗು. 'ನೋಡೋಣ ಬಿಡು' ಅಂದರೆ ನೀನು ಕೇಳಲೇ ಇಲ್ಲ, ನಾನು ಕೇಳಿಸಿಕೊಳ್ಳಲೇ ಇಲ್ಲ. ಎಲ್ಲಕ್ಕಿಂತ ಭಾರದ್ದು, ನೋಕಾರವನ್ನು ರಬ್ಬರಿನಂತೆ ಎಳೆದು, ತಮ್ಮ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಹೇಳುವ 'ನೋ...ಡೋಣ'. ಅದು ಬಂದ ಮೇಲೆ ಮುಗಿಯಿತು. ಒಪ್ಪಿಗೆಯಾದರೆ ಅವರು ಮಾತೇ ಆಡುತ್ತಿರಲಿಲ್ಲ, ಗದ್ದ ಅಲ್ಲಾಡಿಸಿ 'ಹ್ಞೂಂ' ಅನ್ನುತ್ತಿದ್ದರು. ಇಷ್ಟನ್ನೂ ಗದ್ದ, ಕನ್ನಡಕ, ಅಂಗಿಯ ತುದಿ ಸಮೇತ ಅಭಿನಯಿಸಿ ತೋರಿಸುವುದರಲ್ಲಿ ಹಿಂದಿನ ಕೋಣೆಯಲ್ಲಿ ಗಾಜಿಗೆ ಸಾಣೆ ಹಿಡಿಯುವ ಸಾಣೆಯಕ್ಕನನ್ನು ಮೀರಿಸುವವರಿರಲಿಲ್ಲ. ಒಮ್ಮೆ ಯಜಮಾನರೇ ಬಾಗಿಲಲ್ಲಿ ನಿಂತು ತಮ್ಮನ್ನು ತಾವೇ ನೋಡಿ ನಕ್ಕಿದ್ದರು.

ಕೆಟ್ಟ ಮನುಷ್ಯರಲ್ಲ. ಇಲ್ಲ ಅನ್ನುವುದು ಎದುರಿನವರ ಮೂಗಿನ ಮೇಲೆ ಬಾಗಿಲು ಹಾಕಿದ ಹಾಗೆ ಎಂದು ಅವರಿಗೆ ಅನ್ನಿಸುತ್ತಿತ್ತು. ನೋಡೋಣ ಅಂದರೆ ಚಿಲಕ ಮಾತ್ರ. ಒಳಗಿನ ಚಿಲಕ ಎಂಬುದು ಬೇರೆ ವಿಷಯ.

"ಎಲ್ಲ ಮುಚ್ಚಿಬಿಡು," ಎಂದರು ಯಜಮಾನರು.

"ಸುಮ್ಮನೆ ಮುಚ್ಚಲ್ಲ ಮಾವ. ಕಾರಣ ಕೇಳುತ್ತೆ. ಇಲ್ಲಿ ನೋಡಿ, ಖಾಲಿ ಬಿಟ್ರೆ ಬಟನ್ನು ಒತ್ತೋಕೇ ಬಿಡಲ್ಲ."

"ನನ್ನ ಅಂಗಡಿಯಲ್ಲಿ ನನಗೇ ಕಾರಣ ಕೇಳುತ್ತಾ?" ಎಂದರಾದರೂ ಅವರಿಗೆ ಒಳಗೊಳಗೇ ಖುಷಿಯಾಯಿತು. ಕುರ್ಚಿ ಎಳೆದುಕೊಂಡರು. "ಬರಿ. ಮೀಸೆ: ಮನೆಯವಳ ತಡೆಯಾಜ್ಞೆ ಇದೆ. ಆಯ್ತಾ? ನಾಯಿಗಳು: ಗಿರಾಕಿಗಳು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ."

"ಹಾಸಿಗೆ?"

"ಕೌಂಟರಿನ ಮೇಲೇ ನಿದ್ದೆ ಸಾಂಗವಾಗಿ ನಡೆಯುತ್ತಿರುವುದರಿಂದ ಅಗತ್ಯವಿಲ್ಲ."

ಅಷ್ಟರಲ್ಲಿ ಒಳಗೆ ಬಂದ ಫ್ರೇಮಣ್ಣ ಫೋನು ಎತ್ತಿ ತೋರಿಸುತ್ತ, "ಯಜಮಾನ್ರೇ, ನನಗೆ ಹೊಣೆ ಬಂದಿದೆ. ಬ್ಲೇಡು ತರ್ಲಾ?" ಎಂದ. "ನಿನ್ನ ನಾಲಿಗೆ ಸಾಕು ಹೋಗಯ್ಯ," ಎಂದು ಅವನನ್ನು ಫ್ರೇಮುಗಳ ಕಪಾಟಿನ ಕಡೆ ಅಟ್ಟಿದರು.

ಒಂದೊಂದೇ ಮುಚ್ಚುತ್ತ ಬಂದ ಪುಟ್ಟಿಯ ಬೆರಳು ಒಂದು ಕಡೆ ನಿಂತಿತು.

'ಸಂಚಾರಿ ಕಣ್ಣಿನ ಗಾಡಿ.' ಗುಮಾಸ್ತ ಇದಕ್ಕೆ ತುಂಬ ಶ್ರಮಪಟ್ಟಿದ್ದ. ಹಳೆಯ ವ್ಯಾನು ನೋಡುವುದು, ಮಡಿಸಿ ಇಡಬಹುದಾದ ಅಕ್ಷರದ ಹಲಗೆ ಮಾಡಿಸುವುದು, ಊರಾಚೆಯ ಬಡಾವಣೆಗಳಿಗೆ ವಾರದಲ್ಲೊಂದು ದಿನ ಹೋಗಿ ಅಲ್ಲಿಯೇ ಕಣ್ಣು ಪರೀಕ್ಷಿಸಿ ಅಲ್ಲಿಯೇ ಕನ್ನಡಕ ಮಾಡಿಕೊಡುವುದು, ಹೆಜ್ಜೆಯ ಮೇಲೆ ಹೆಜ್ಜೆ ಬರೆದಿದ್ದ. ಹೊಣೆಗಾರರು: ಸಾಣೆಯಕ್ಕ. ಪಕ್ಕದಲ್ಲಿ ಹಸಿರು ಗುರುತು: ಒಪ್ಪಿಕೊಂಡಿದ್ದಾರೆ. ಅದರ ಕೆಳಗೆ ಗುಮಾಸ್ತನದ್ದಲ್ಲದ, ಸಾಣೆಯಕ್ಕನೇ ಬರೆದ ಎರಡು ಸಾಲು. "ಮೊದಲು ಗಿರಣಿ ಹಿಂದಿನ ಬೀದಿಗೆ ಹೋಗಣ. ಅಲ್ಲಿ ಬಟ್ಟೆ ಹೊಲಿಯೋಳು ಒಬ್ಬಳು ತೀರಿಹೋದ ಗಂಡನ ಕನ್ನಡಕ ಹಾಕ್ಕೊಂಡು ಸೂಜಿಗೆ ದಾರ ಪೋಣಿಸ್ತಾಳೆ."

ಯಜಮಾನರು ಅದನ್ನು ಓದಿ ತಮ್ಮ ಕನ್ನಡಕ ತೆಗೆದರು.

"ಮಾವ, ಇದರದ್ದು ಬೇರೆ ಕಥೆ," ಪುಟ್ಟಿ ದನಿ ತಗ್ಗಿಸಿದಳು. "ಸೇತುವೆ ಆಚೆ ಕಣ್ಣಾಸ್ಪತ್ರೆಯವರು ಅಕ್ಕನ್ನ ಕರೆದಿದಾರೆ. ಅವರ ಹತ್ರ ಇಂಥದೇ ಗಾಡಿ ಇದೆ. ಅದರಲ್ಲಿ ಕೂತು ಲೆನ್ಸು ಕೂರಿಸೋಕೆ ಕೈಪಳಗಿದವರು ಬೇಕಂತೆ. ಇವತ್ತು ಊಟದ ಹೊತ್ತಿಗೆ ಉತ್ತರ ಹೇಳಬೇಕು."

"ನನಗೆ ಒಂದು ಮಾತು ಹೇಳಲಿಲ್ಲ."

"ಹೋಗೋದು ಅಂತ ಗಟ್ಟಿ ಮಾಡ್ಕೊಂಡು ಇವತ್ತು ಹೇಳೋಣ ಅಂತಿದ್ರು. ನಿನ್ನೆ ಇದು ಬಂತು. ಬೆಳಿಗ್ಗೆ ನನ್ನ ಹತ್ರ ಅಂದ್ರು, ನಮ್ಮಲ್ಲೇ ಗಾಡಿ ಮಾಡೋದಾದ್ರೆ ಕಂಡೋರ ಗಾಡಿ ನಾನು ಯಾಕೆ ಹತ್ತಲಿ, ಬರಲ್ಲ ಅಂತ ಹೇಳಿಬಿಡ್ತೀನಿ ಅಂತ." ಪುಟ್ಟಿ ಕಾರಣದ ಖಾನೆಯನ್ನು ತೆರೆದು ಹಿಡಿದಳು. "ಇದಕ್ಕೇನು ಬರೀಲಿ?"

"ಇರು."

ಯಜಮಾನರು ಎದ್ದು ಗಾಜಿನ ಬಾಗಿಲ ಹತ್ತಿರ ಹೋದರು. ಹಿಂದಿನ ಕೋಣೆಯಿಂದ ಸಾಣೆ ತಿರುಗುವ ಸದ್ದು ಸಣ್ಣಗೆ ಬರುತ್ತಿತ್ತು. ಊರಿನ ಬೇರೆ ಕನ್ನಡಕದಂಗಡಿಯವರು ದಪ್ಪ ಗಾಜು, ಓರೆ ಗಾಜು, ಒಡೆದುಹೋಗುವಂಥ ಗಾಜು ಬಂದಾಗ ಕೈಮುಗಿದು ಇಲ್ಲಿಗೇ ಕಳಿಸುತ್ತಿದ್ದರು. ಕಳಿಸುತ್ತಿದ್ದುದು ಈ ಅಂಗಡಿಗೆ ಎಂದು ಬೋರ್ಡು ಹೇಳುತ್ತಿತ್ತು. ಕಳಿಸುತ್ತಿದ್ದುದು ಆ ಕೋಣೆಗೆ ಎಂದು ಯಜಮಾನರಿಗೆ ಗೊತ್ತಿತ್ತು. ಸಾಣೆಯಕ್ಕ ಗಾಡಿಯ ಮಾತು ಎತ್ತಿದಾಗಲೆಲ್ಲ ಅವರು ಅಂಗಿಯ ತುದಿ ಹುಡುಕುತ್ತಿದ್ದುದು ಅದಕ್ಕೇ. ಮೊನ್ನೆ ಶನಿವಾರವೂ ಹುಡುಕಿದ್ದರು.

ಈಗ ಏನೂ ಮಾಡಬೇಕಾಗಿರಲಿಲ್ಲ. ಅದೇ ಇದರ ಸೊಗಸು. ಯೋಜನೆಯನ್ನು ಹಾಗೇ ಇವತ್ತು ಮಧ್ಯಾಹ್ನದವರೆಗೆ ತೆರೆದಿಟ್ಟರೆ ಸಾಕು. ಅವಳು ಆಸ್ಪತ್ರೆಗೆ ಬರಲ್ಲ ಅನ್ನುತ್ತಾಳೆ. ಅವರು ಬೇರೆ ಯಾರನ್ನೋ ಹುಡುಕಿಕೊಳ್ಳುತ್ತಾರೆ. ಆಮೇಲೆ ವ್ಯಾನು ನೋಡುವುದು ಒಂದು ತಿಂಗಳು ಮುಂದೆ ಹೋಗುತ್ತದೆ, ಹಲಗೆ ಮಾಡುವ ಬಡಗಿ ಸಿಗುವುದಿಲ್ಲ, ಎಲ್ಲ ಯೋಜನೆಗಳೂ ತಣ್ಣಗಾಗುವ ಹಾಗೆ ಇದೂ ತಣ್ಣಗಾಗುತ್ತದೆ. ಒಂದು ಸುಳ್ಳನ್ನೂ ಹೇಳಬೇಕಿಲ್ಲ. ಹೇಳಿದವನು ಗುಮಾಸ್ತ, ನಂಬಿದವಳು ಸಾಣೆಯಕ್ಕ. ನಡುವೆ ತಾವು ಸುಮ್ಮನಿದ್ದರಾಯಿತು, ಮತ್ತು ಸುಮ್ಮನಿರುವುದರಲ್ಲಿ ಅವರಷ್ಟು ನುರಿತವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

"ಮಾವ," ಪುಟ್ಟಿ ಕರೆದಳು. "ನೀವು ನಿಜವಾಗಲೂ ಗಾಡಿ ತಗೋತೀರಾ?"

"ನೋ..." ಎಂದು ಎಳೆದರು ಯಜಮಾನರು.

"ಅಲ್ಲಿಗೇ ನಿಲ್ಲಿಸಿ ಮಾವ. ಡೋಣ ಬೇಡ. ಮೊದಲನೇ ಅಕ್ಷರದಲ್ಲೇ ಉತ್ತರ ಇದೆ."

ಬೇರೆ ದಿನವಾಗಿದ್ದರೆ ಆ ಮಾತನ್ನು ಅವರು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಈಗ ತಿರುಗಿ ಅವಳ ಮುಖ ನೋಡಿದರು. ಅವಳು ನಗುತ್ತಿರಲಿಲ್ಲ. ಫೋನಿನ ಬೆಳಕು ಆರಿಹೋಗದ ಹಾಗೆ ಅದನ್ನು ಆಗಾಗ ಬೆರಳಿನಿಂದ ಮುಟ್ಟುತ್ತ ಕಾಯುತ್ತಿದ್ದಳು.

ಯಜಮಾನರು ಪರದೆ ಸರಿಸಿ ಹಿಂದಿನ ಕೋಣೆಗೆ ಹೋದರು.

ಅಲ್ಲಿ ಯಾವಾಗಲೂ ಒದ್ದೆ ಗಾಜಿನ ವಾಸನೆ. ಸಾಣೆಯ ಮೇಲೆ ಸಣ್ಣ ಕೊಳವೆಯಿಂದ ನೀರು ಸುರಿಯುತ್ತಿತ್ತು. ಕೆಳಗಿನ ತಟ್ಟೆಯಲ್ಲಿ ಗಾಜಿನ ಹುಡಿ ತಿಳಿಹಿಟ್ಟಿನ ಹಾಗೆ ಕೂತಿತ್ತು. ಸಾಣೆಯಕ್ಕ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಒಂದು ದಪ್ಪ ಗಾಜಿನ ಅಂಚನ್ನು ಚಕ್ರಕ್ಕೆ ತಾಗಿಸಿ ತಿರುಗಿಸುತ್ತಿದ್ದಳು. ನಲವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಬೆರಳ ತುದಿಗಳು ಮಾತ್ರ ನೀರಿನಲ್ಲೇ ಇದ್ದು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು.

"ಬನ್ನಿ ಯಜಮಾನ್ರೇ. ಮೀಸೆ ಇನ್ನೂ ಇದೆಯಲ್ಲ."

"ಇದೆ. ಕೇಸು ವಜಾ ಆಯ್ತು."

"ನಾಯಿಗಳದ್ದು?"

"ಅದೂ."

ಅವಳು ತಲೆ ಎತ್ತಲಿಲ್ಲ. ಗಾಜನ್ನು ಕಾಲು ಸುತ್ತು ತಿರುಗಿಸಿದಳು. "ಮತ್ತೆ ನಂದು?"

ಯಜಮಾನರು ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತರು.

"ಒಂದು ಮಾತು ಕೇಳ್ತೀನಿ," ಎಂದಳು ಸಾಣೆಯಕ್ಕ. "ಅದನ್ನ ನೀವು ಮಾಡಿದ್ದಾ, ಅದೇ ಮಾಡಿದ್ದಾ?"

"ನಿನಗೇನನ್ನಿಸುತ್ತೆ?"

"ನನಗೆ ಅನ್ನಿಸೋದು ಬಿಡಿ. ಮೊನ್ನೆ ನೀವು ಅಂದ ನೋಡೋಣ ನನ್ನ ಕಿವೀಲೇ ಇದೆ. ಉದ್ದದ್ದು. ಹೀಗೆ." ಅವಳು ಒಂದು ಕೈಯಿಂದ ಇಲ್ಲದ ಕನ್ನಡಕವನ್ನು ತೆಗೆದು, ಏಪ್ರನ್ನಿನ ತುದಿಯಿಂದ ಒರೆಸಿ, ನೋಕಾರವನ್ನು ಅರ್ಧ ಎಳೆದು, ಯಾಕೋ ಅಲ್ಲಿಗೇ ಬಿಟ್ಟಳು. "ಅದರ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆಸ್ಪತ್ರೆಗೆ ಹ್ಞೂಂ ಅನ್ನೋದು ಅಂತ ಅವತ್ತೇ ಗಟ್ಟಿ ಮಾಡ್ಕೊಂಡೆ. ಪುಟ್ಟಿ ಹೇಳಿರಬೇಕಲ್ಲ."

"ಹೇಳಿದಳು."

"ನಿನ್ನೆ ಇದು ಬಂತು. ನೋಡಿ ಮೊದಲು ನಗು ಬಂತು, ನಮ್ಮ ಗುಮಾಸ್ತನಿಗೆ ಪಾಪ ಗೊತ್ತಾಗಿಲ್ಲ ಅಂತ. ಆಮೇಲೆ ಅನ್ನಿಸ್ತು, ಯಂತ್ರದ ಕಿವಿ ಚುರುಕು ಅಂತಾರಲ್ಲ, ನಮಗೆ ಕೇಳಿಸದ್ದು ಅದಕ್ಕೆ ಕೇಳಿಸುತ್ತಂತೆ. ನೀವು ನೋಡೋಣ ಅಂದಾಗ ಅದರೊಳಗೆ ಎಲ್ಲೋ ಒಂದು ಸಣ್ಣ ಹ್ಞೂಂ ಇತ್ತೇನೋ. ನನಗೆ ಕೇಳಿಸಲಿಲ್ಲ, ಅದಕ್ಕೆ ಕೇಳಿಸಿತೇನೋ ಅಂತ."

ನೀರು ಸುರಿಯುತ್ತಿತ್ತು. ಹೊರಗೆ ಫ್ರೇಮಣ್ಣ ಯಾರೋ ಗಿರಾಕಿಗೆ, ಈ ಫ್ರೇಮು ಹಾಕಿಕೊಂಡರೆ ನಿಮ್ಮ ಹೆಂಡತಿಗೇ ನಿಮ್ಮ ಗುರುತು ಸಿಗುವುದಿಲ್ಲ ಎಂದು ಹೇಳುತ್ತಿದ್ದ. ಗಿರಾಕಿ, ಹಾಗಾದರೆ ಎರಡು ಕೊಡಿ ಎಂದ.

ಒಂದು ನೋಡೋಣ ಯಜಮಾನರ ನಾಲಿಗೆಯ ತುದಿಯವರೆಗೆ ಬಂದಿತ್ತು. ಯಾವಾಗಲೂ ಬರುವ ಅದೇ ಮೃದುವಾದ ನೋಡೋಣ. ಈ ಸಲ ಅದರೊಳಗೆ ಹ್ಞೂಂ ಇದೆಯೆಂದು ಅವಳೇ ನಂಬಲು ಕಾದಿದ್ದಳು. ಅವರ ಕೈ ಕನ್ನಡಕದವರೆಗೆ ಹೋಗಿ ಹಿಂದೆ ಬಂತು.

"ಇಲ್ಲಮ್ಮ," ಎಂದರು. "ಇರಲಿಲ್ಲ."

ಅವಳು ಗಾಜನ್ನು ಚಕ್ರದಿಂದ ಎತ್ತಿದಳು.

"ಅದು ಗುಮಾಸ್ತನ ತಪ್ಪು. ನಾನು ಗಾಡಿ ಮಾಡಲ್ಲ. ಈ ವರ್ಷಾನೂ ಇಲ್ಲ, ಮುಂದಿನ ವರ್ಷಾನೂ ಇಲ್ಲ."

"ಯಾಕೆ?"

ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ನೋಡೋಣ ಎಂದವನನ್ನು ಯಾಕೆ ಎಂದು ಕೇಳಲು ಬರುವುದಿಲ್ಲ.

"ನೀನು ಗಾಡಿ ಹತ್ತಿದ್ರೆ ಇದರ ಮುಂದೆ ಕೂರೋರು ಯಾರು?"

"ಯಾರಿಗಾದ್ರೂ ಕಲಿಸಬಹುದಿತ್ತು. ನಾನೇ ಕಲಿಸ್ತಿದ್ದೆ."

"ಕಲಿಸಿದ ಮೇಲೆ ನೀನು ಹೋಗ್ತಿದ್ದೆ."

"ಗಾಡಿಗೆ ಹೋಗ್ತಿದ್ದೆ. ಗಾಡಿ ನಿಮ್ಮದೇ ಅಲ್ವಾ?"

"ಇವತ್ತು ನನ್ನ ಗಾಡಿ. ನಾಲ್ಕು ಬೀದಿ ನಿನ್ನನ್ನ ನೋಡಿದ ಮೇಲೆ ನನ್ನ ಬೋರ್ಡು ಯಾರು ಓದ್ತಾರೆ?" ಯಜಮಾನರು ಇಷ್ಟು ಹೇಳಿ ತಾವೇ ಸ್ವಲ್ಪ ಬೆರಗಾದರು. ಇದು ಹೊಟ್ಟೆಯೊಳಗೆ ಇದ್ದದ್ದು ಅವರಿಗೂ ಪೂರ್ತಿ ತಿಳಿದಿರಲಿಲ್ಲ.

ಸಾಣೆಯಕ್ಕ ನೀರಿನ ಕೊಳವೆಯ ತಿರುಪನ್ನು ಮುಚ್ಚಿದಳು. ಕೋಣೆ ಒಮ್ಮೆಲೇ ದೊಡ್ಡದಾದಂತಾಯಿತು.

"ಹೀಗೆ ಅಂತ ಮೊದಲ ಸಲ ಕೇಳಿದಾಗಲೇ ಹೇಳಿದ್ದಿದ್ರೆ," ಎಂದಳು, ಬಯ್ಯುವ ದನಿಯಲ್ಲೂ ಅಲ್ಲ, "ಇಷ್ಟು ಹೊತ್ತಿಗೆ ನಾನು ಬೇರೆ ಎಲ್ಲೋ ಇರ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಅವಳು ಅವರನ್ನು ನೋಡಿದಳು. ತುಂಬ ಹೊತ್ತು ನೋಡಿದಳು, ಗಾಜಿನಲ್ಲಿ ಗುಳ್ಳೆ ಇದೆಯೋ ಎಂದು ನೋಡುವ ಹಾಗೆ. ತಪ್ಪಿಸಬೇಕೆಂದು ಅನ್ನಿಸಿದರೂ ಯಜಮಾನರು ಕಣ್ಣು ತಪ್ಪಿಸಲಿಲ್ಲ.

"ಸರಿ," ಎಂದಳು ಕೊನೆಗೆ. ಕೈ ಒರೆಸಿಕೊಂಡು, ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ತೆಗೆದುಕೊಂಡು, ಹಿತ್ತಲ ಬಾಗಿಲಿನಿಂದ ಓಣಿಗೆ ಇಳಿದಳು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅವಳ ಬೆನ್ನು, ಕುತ್ತಿಗೆಯ ಹಿಂದಿನ ಏಪ್ರನ್ನಿನ ಗಂಟು ಕಾಣಿಸುತ್ತಿದ್ದವು. "ಹ್ಞೂಂ ಮೇಡಂ, ನಾನೇ... ಹ್ಞೂಂ, ಬರ್ತೀನಿ... ಇಲ್ಲ ಇಲ್ಲ, ಯೋಚನೆ ಮಾಡೇ ಹೇಳ್ತಿರೋದು... ಈ ತಿಂಗಳು ಇಲ್ಲಿ ಬಾಕಿ ಇರೋದು ಮುಗಿಸಿಕೊಡಬೇಕು, ಆಮೇಲೆ... ಹ್ಞೂಂ." ಯಾರ ಅನುಕರಣೆಯೂ ಇಲ್ಲದ, ಅವಳದೇ ದನಿ. ಅದನ್ನು ಇಷ್ಟು ಸರಿಯಾಗಿ ತಾವು ಕೇಳಿಸಿಕೊಂಡದ್ದು ಇದೇ ಮೊದಲೇನೋ ಎಂದು ಯಜಮಾನರಿಗೆ ಅನ್ನಿಸಿತು.

ಪುಟ್ಟಿ ಪರದೆಯ ಸಂದಿಯಿಂದ ತಲೆ ಹಾಕಿದಳು. ಚೌಕಟ್ಟಿಗೆ ಹಣೆ ತಾಗದಂತೆ ಬಗ್ಗಿಯೇ ನಿಂತಿದ್ದಳು. ಏನಾಯಿತೆಂದು ಕೇಳಲಿಲ್ಲ, ಓಣಿಯ ಮಾತು ಅವಳಿಗೂ ಕೇಳಿಸಿತ್ತು. "ಕಾರಣ ಏನು ಬರೀಲಿ ಮಾವ?"

"ಯಜಮಾನರು ಒಪ್ಪಲಿಲ್ಲ ಅಂತ ಬರಿ."

"ಅಷ್ಟೇನಾ?"

"ಅಷ್ಟೇ. ತಮಾಷೆ ಸೇರಿಸಬೇಡ."

ಅವಳು ಅಲ್ಲೇ ನಿಂತು ಒತ್ತಿದಳು. "ಈ ಅನುಮತಿನೂ ತೆಗೆದುಬಿಡಲಾ? ಇನ್ನು ಮೇಲೆ ತಾನೇ ತೆರೆಯದ ಹಾಗೆ."

ಯಜಮಾನರು ಓಣಿಯ ಕಡೆ ನೋಡಿದರು. "ಬೇಡ," ಎಂದರು. "ಇರಲಿ. ನಾನು ಸರಿಯಾಗಿ ಮಾತಾಡ್ತೀನಿ."

ಸಾಣೆಯಕ್ಕ ಒಳಗೆ ಬಂದು ಫೋನನ್ನು ಕಟ್ಟೆಯ ಮೇಲಿಟ್ಟಳು. ಯಜಮಾನರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಶುಭವಾಗಲಿ ಅನ್ನುವುದೂ, ಹೋಗಬೇಡ ಅನ್ನುವುದೂ ಎರಡೂ ಒಟ್ಟಿಗೇ ಬಂದು ಒಂದಕ್ಕೊಂದು ಅಡ್ಡ ನಿಂತವು. ಅವಳು ಸ್ಟೂಲನ್ನು ಎಳೆದುಕೊಂಡು ಕೂತಳು.

"ಯಾರೋ ಅಜ್ಜನ ಗಾಜು ಇದು, ಇವತ್ತೇ ಕೊಡಬೇಕು," ಎಂದಳು. "ಒಂದು ಅಂಚು ಉಳಿದಿದೆ. ನೀವು ಬೆಳಕಿಗೆ ಅಡ್ಡ ನಿಂತಿದೀರ."

ಯಜಮಾನರು ಗೋಡೆಯ ಕಡೆ ಸರಿದರು. ನೀರು ಮತ್ತೆ ಬಂತು, ಸಾಣೆ ತಿರುಗಿತು, ಗಾಜು ಚಕ್ರವನ್ನು ಮುಟ್ಟಿ ಸಣ್ಣಗೆ ಕೊರೆಯಿತು. ಸ್ವಲ್ಪ ಹೊತ್ತಿಗೆ ಅವಳು ಅದನ್ನು ತೊಳೆದು, ಒರೆಸಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ತೋಳನ್ನು ಪೂರ್ತಿ ಚಾಚಿ ಗಾಜನ್ನು ಕಿಟಕಿಗೆ ಹಿಡಿದಳು. ಆ ದಪ್ಪ ಗಾಜಿನೊಳಗೆ ಓಣಿ, ಎದುರಿನ ಗೋಡೆ, ಒಣಹಾಕಿದ ಬಟ್ಟೆ, ಅದರಾಚೆಗೆ ಒಂದು ತುಂಡು ಆಕಾಶ ಎಲ್ಲವೂ ಪುಟ್ಟದಾಗಿ ತಲೆಕೆಳಗಾಗಿ ನಿಂತಿದ್ದವು. ಯಾರೋ ಒಬ್ಬರು ಓಣಿಯಲ್ಲಿ ಆಕಾಶದ ಮೇಲೆ ತಲೆಯಿಟ್ಟು ನಿಧಾನವಾಗಿ ನಡೆದುಹೋದರು, ಅವರ ಕೈಚೀಲದ ಬಣ್ಣ ಕೂಡ ಸ್ಪಷ್ಟವಾಗಿತ್ತು.